‘ಪುಟ್ ಅಪ್ ವಿತ್ ಯೂ’ ಅಂತ ಬರೆದು ಸಿಕ್ಕಿಬಿದ್ದೆ. ಈ ‘ಪುಟ್ ಅಪ್’ಗೆ ಎಷ್ಟು ಅರ್ಥ ಮಾರಾಯ್ರೆ?

ಬೇಕಲದ ಅಲೆ

ಎಲ್ಲರಿಗೂ ನಮಸ್ಕಾರ. ಕೆಲಸದ ಜಾಗದಲ್ಲಿ ಒಂದು ಎಡವಟ್ಟು ಮಾಡಿಕೊಂಡಿದ್ದೇನೆ. ನಗುವವರು ಮೊದಲು ನಕ್ಕು ಮುಗಿಸಿ, ಆಮೇಲೆ ಸಹಾಯ ಮಾಡಿ.

ನನ್ನ ಊರು ಕೇರಳದ ಕಾಸರಗೋಡು ಜಿಲ್ಲೆಯ ಬಂದ್ಯೋಡಿನ ಹತ್ತಿರ. ಹತ್ತನೇ ತನಕ ಕನ್ನಡ ಮೀಡಿಯಂ. ಈಗ ಎರಡು ವರ್ಷದಿಂದ ಬೇಕಲದ ಕಡೆ ಒಂದು ಹೋಂಸ್ಟೇಯಲ್ಲಿದ್ದೇನೆ. ಬುಕಿಂಗ್, ರೂಮು, ತಿಂಡಿ, ಕೋಟೆ ತೋರಿಸುವುದು, ಎಲ್ಲ ನಾನೇ. ಕನ್ನಡ, ತುಳು, ಮಲಯಾಳ ಮೂರೂ ನೀರು ಕುಡಿದ ಹಾಗೆ. ಇಂಗ್ಲಿಷ್ ಬಾಯಲ್ಲಿ ಹೇಗೋ ಹೋಗುತ್ತದೆ, ಬರೆಯುವಾಗ ಕೈ ನಡುಗುತ್ತದೆ.

ಕಳೆದ ವಾರ ಇಂಗ್ಲೆಂಡಿನ ಗಂಡ ಹೆಂಡತಿ ಬಂದಿದ್ದರು. ವಯಸ್ಸಾದವರು, ಒಳ್ಳೆಯ ಜನ. ಮಧ್ಯಾಹ್ನ ಫೋನ್ ಮಾಡಿ ಸಂಜೆಗೇ ಬಂದಿಳಿದರು. ಮರುದಿನ ಬೆಳಿಗ್ಗೆ ಚಾ ಕಪ್ಪಿನ ಅಡಿಯಲ್ಲಿ ಒಂದು ಚೀಟಿ ಇಟ್ಟು ಕೋಟೆಗೆ ಹೋಗಿದ್ದರು. ಅದರಲ್ಲಿ ಹೀಗೆ ಬರೆದಿತ್ತು:

‘ಥ್ಯಾಂಕ್ಯೂ ಫಾರ್ ಪುಟಿಂಗ್ ಅಸ್ ಅಪ್ ಅಟ್ ಸಚ್ ಶಾರ್ಟ್ ನೋಟಿಸ್. ವಿ ಕ್ಯಾನ್ ಪುಟ್ ಅಪ್ ವಿತ್ ದ ಹೀಟ್, ಬಟ್ ನಾಟ್ ದ ಮಸ್ಕಿಟೋಸ್. ಕುಡ್ ಯೂ ಪುಟ್ ಅಪ್ ಎ ನೆಟ್?’

ಒಂದು ಅಂಗೈಯಗಲದ ಚೀಟಿಯಲ್ಲಿ ಮೂರು ಸಲ ‘ಪುಟ್ ಅಪ್’. ನನಗೆ ಗೊತ್ತಿದ್ದದ್ದು ‘ನೋಟಿಸ್ ಪುಟ್ ಅಪ್ ಮಾಡುವುದು’ ಒಂದೇ. ಬಚ್ಚಲ ಬಾಗಿಲಿಗೆ ನಾನೇ ಅಂಟಿಸಿದ ‘ನೀರು ಮಿತವಾಗಿ ಬಳಸಿ’ ಎಂಬ ಎರಡೇ ಶಬ್ದದ ಇಂಗ್ಲಿಷ್ ನೋಟಿಸ್ ಇತ್ತು. ಚಿಕ್ಕ ನೋಟಿಸ್ ಹಾಕಿದ್ದಕ್ಕೆ ಥ್ಯಾಂಕ್ಸ್ ಹೇಳಿದ್ದಾರೆ ಅಂತ ಖುಷಿಯಾಯಿತು. ಮಸ್ಕಿಟೋ, ನೆಟ್ ಎರಡು ಶಬ್ದ ಕಂಡದ್ದರಿಂದ ಸೊಳ್ಳೆ ಪರದೆ ಕಟ್ಟಿದೆ. ಅಲ್ಲಿಗೆ ಬಚಾವ್.

ಅವರು ಊರಿಗೆ ತಲುಪಿದ ಮೇಲೆ ವಾಟ್ಸಾಪಿನಲ್ಲಿ ಒಳ್ಳೆಯ ಮಾತು ಬರೆದರು. ನಾನೂ ಅವರದ್ದೇ ಶಬ್ದ ಬಳಸಿ ಸ್ಟೈಲಾಗಿ ಉತ್ತರ ಕೊಟ್ಟೆ: ‘ವಿ ಆರ್ ಆಲ್ವೇಸ್ ಹ್ಯಾಪಿ ಟು ಪುಟ್ ಅಪ್ ವಿತ್ ಯೂ.’ ಆ ಕಡೆಯಿಂದ ಹತ್ತು ನಗುವ ಮುಖ ಬಂತು. ಮಾತು ಬರಲಿಲ್ಲ. ಎಂತದೋ ತಪ್ಪಾಗಿದೆ ಅಂತ ಆಗಲೇ ಗೊತ್ತಾಯಿತು. ಆದರೆ ಎಂತ?

ಅಡಿಕೆ ಚೊಗರು

ಅಯ್ಯೋ ಮಾರಾಯ! ‘ನಿಮ್ಮ ಕಾಟ ಸಹಿಸಿಕೊಳ್ಳಲು ನಾವು ಯಾವಾಗಲೂ ರೆಡಿ’ ಅಂತ ಬರೆದಿದ್ದೀಯ. ನಾನು ನಕ್ಕು ಮುಗಿಸಿಲ್ಲ, ಸ್ವಲ್ಪ ಹೊತ್ತು ಬೇಕು.

ನೀರ್ಚಾಲು ಟೀಚರ್

ನಗಬೇಡಿ. ಮೂವತ್ತು ವರ್ಷ ಕನ್ನಡ ಮೀಡಿಯಂ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವಳು ನಾನು. ಹುಡುಗ ಮಾಡಿದ್ದು ಬುದ್ಧಿವಂತರು ಮಾಡುವ ತಪ್ಪು. ಕೇಳಿದ ಶಬ್ದವನ್ನು ತಿರುಗಿ ಬಳಸುವ ಧೈರ್ಯ ಇರುವವರು ಮಾತ್ರ ಹೀಗೆ ಬೀಳುತ್ತಾರೆ.

ಅಲೆ, ನಿನ್ನ ಚೀಟಿಯನ್ನೇ ಬಿಡಿಸೋಣ.

ಮೊದಲನೆಯದು ‘ಪುಟಿಂಗ್ ಅಸ್ ಅಪ್’. ‘ಪುಟ್ ಸಮ್‌ಒನ್ ಅಪ್’ ಅಂದರೆ ಯಾರಿಗಾದರೂ ಉಳಿದುಕೊಳ್ಳಲು ಜಾಗ ಕೊಡುವುದು. ರಾತ್ರಿ ಬಸ್ಸು ತಪ್ಪಿದರೆ ಚಿಕ್ಕಮ್ಮನ ಮನೆಯಲ್ಲಿ ಮಲಗುತ್ತೇವಲ್ಲ, ಆಗ ಚಿಕ್ಕಮ್ಮ ನಮ್ಮನ್ನು ‘ಪುಟ್ ಅಪ್’ ಮಾಡಿದಳು. ‘ಅಟ್ ಶಾರ್ಟ್ ನೋಟಿಸ್’ ಎಂದರೆ ಮೊದಲೇ ತಿಳಿಸದೆ, ಗಡಿಬಿಡಿಯಲ್ಲಿ. ಮಧ್ಯಾಹ್ನ ಫೋನ್ ಮಾಡಿ ಸಂಜೆ ಬಂದರೂ ರೂಮು ಕೊಟ್ಟಿರಿ, ಅದಕ್ಕೆ ಥ್ಯಾಂಕ್ಸ್. ಬಚ್ಚಲ ಬಾಗಿಲಿನ ನೋಟಿಸಿಗೂ ಅದಕ್ಕೂ ಸಂಬಂಧ ಇಲ್ಲ.

ಎರಡನೆಯದು ‘ಪುಟ್ ಅಪ್ ವಿತ್’. ಸಹಿಸಿಕೊಳ್ಳುವುದು. ಸೆಕೆ ಹೇಗೋ ತಡೆದುಕೊಂಡೇವು, ಸೊಳ್ಳೆ ಆಗುವುದಿಲ್ಲ.

ಮೂರನೆಯದು ‘ಪುಟ್ ಅಪ್ ಎ ನೆಟ್’. ಮೇಲೆ ಎತ್ತಿ ಕಟ್ಟುವುದು, ತೂಗಿಸುವುದು. ಇದನ್ನು ಸರಿಯಾಗಿಯೇ ಮಾಡಿದ್ದಿ.

ಈಗ ನಿನ್ನ ಉತ್ತರ. ನೀನು ಹೇಳಬೇಕಾಗಿದ್ದದ್ದು ‘ಹ್ಯಾಪಿ ಟು ಪುಟ್ ಯೂ ಅಪ್’. ಹೇಳಿದ್ದು ‘ಹ್ಯಾಪಿ ಟು ಪುಟ್ ಅಪ್ ವಿತ್ ಯೂ’. ವ್ಯತ್ಯಾಸ ನೋಡು. ‘ಯೂ’ ನಡುವೆ ಕೂತರೆ ಅವರು ನೆಂಟರು. ‘ವಿತ್’ ಸೇರಿ ಕೊನೆಗೆ ಹೋದರೆ ಅವರು ಪೀಡೆ. ನೀನು ನೆಂಟರನ್ನು ಜಗಲಿಯಿಂದ ಎಬ್ಬಿಸಿ ಅಂಗಳಕ್ಕೆ ಕಳಿಸಿದ್ದಿ, ಅಷ್ಟೇ.

ಒಂದು ಮಾತು ಬರೆದಿಟ್ಟುಕೋ. ‘ಮಿ, ಯೂ, ಹಿಮ್, ಹರ್, ಅಸ್, ದೆಮ್, ಇಟ್’ ಇವು ‘ಪುಟ್’ಗೂ ‘ಅಪ್’ಗೂ ನಡುವೆಯೇ ಕೂರಬೇಕು. ‘ಪುಟ್ ಅಪ್ ದ ನೆಟ್’ ಸರಿ, ‘ಪುಟ್ ದ ನೆಟ್ ಅಪ್’ ಕೂಡ ಸರಿ. ಆದರೆ ‘ನೆಟ್’ ಬದಲು ‘ಇಟ್’ ಬಂದರೆ ‘ಪುಟ್ ಇಟ್ ಅಪ್’ ಮಾತ್ರ. ‘ಪುಟ್ ಅಪ್ ಇಟ್’ ಅನ್ನುವ ಹಾಗಿಲ್ಲ. ‘ಪುಟ್ ಅಪ್ ವಿತ್’ನಲ್ಲಿ ಮೂರು ಶಬ್ದವೂ ಅಂಟಿಕೊಂಡಿರುತ್ತವೆ, ನಡುವೆ ಯಾರಿಗೂ ಜಾಗ ಇಲ್ಲ.

ರ‍್ಯಾಂಕ್ ಫೈಲ್ ಹುಳು

ಟೀಚರೇ, ಸರ್ಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಗೆ ಓದುತ್ತಾ ಇದ್ದೇನೆ. ನನ್ನ ರ‍್ಯಾಂಕ್ ಫೈಲಿನಲ್ಲಿ, ಅಂದರೆ ಆ ಪರೀಕ್ಷೆಯ ಗೈಡಿನಲ್ಲಿ, ‘ಪುಟ್ ಅಪ್ ವಿತ್ = ಟಾಲರೇಟ್’ ಅಂತ ಒಂದೇ ಸಾಲು ಉಂಟು. ಅದರ ಕೆಳಗೆ ‘ಪುಟ್ ಆಫ್ = ಪೋಸ್ಟ್‌ಪೋನ್’, ‘ಪುಟ್ ಔಟ್ = ಎಕ್ಸ್‌ಟಿಂಗ್ವಿಷ್’. ಹೀಗೆ ಇನ್ನೂರು ಬಾಯಿಪಾಠ ಮಾಡಿದ್ದೇನೆ. ಬರೀ ‘ಪುಟ್ ಅಪ್’ ಇಷ್ಟೆಲ್ಲ ಕೆಲಸ ಮಾಡುತ್ತದೆ ಅಂತ ಇವತ್ತೇ ಗೊತ್ತಾದದ್ದು. ಪಟ್ಟಿಯಲ್ಲಿ ಇಲ್ಲದ್ದನ್ನು ಹೇಗೆ ಕಲಿಯುವುದು?

ನಿವೃತ್ತ ಗುಮಾಸ್ತ

ಎಲ್ಲರೂ ಒಂದು ಅರ್ಥ ಬಿಟ್ಟಿರಿ. ಅದು ನನ್ನ ಅನ್ನದ ಅರ್ಥ.

ಸರ್ಕಾರಿ ಕಚೇರಿಯಲ್ಲಿ ನಾನು ಸೇರಿದ ಮೊದಲ ದಿನ ಕೇಳಿದ ಇಂಗ್ಲಿಷ್ ಶಬ್ದವೇ ‘ಪುಟ್ ಅಪ್’. ಸೂಪ್ರೆಂಡು ಒಂದು ಅರ್ಜಿ ಕೈಗೆ ಕೊಟ್ಟು ‘ಪುಟ್ ಅಪ್ ಮಾಡಿ’ ಅಂದರು. ನಾನು ಗೋಡೆ ನೋಡಿದೆ. ಎಲ್ಲಿ ತೂಗಿಸುವುದು, ಮೊಳೆ ಎಲ್ಲುಂಟು ಅಂತ ಹುಡುಕಿದೆ. ಪಕ್ಕದ ಸೀಟಿನವರು ತೋಳು ಹಿಡಿದು ಕೂರಿಸಿದರು. ಆಮೇಲೆ ಕಲಿತೆ: ಅರ್ಜಿಯನ್ನು ಫೈಲಿಗೆ ಸೇರಿಸಿ, ಹಳೆಯ ಕಾಗದ ಹುಡುಕಿ ಜೋಡಿಸಿ, ಮೇಲೆ ಒಂದು ನೋಟ್ ಬರೆದು, ದಾರ ಕಟ್ಟಿ, ಸಾಹೇಬರ ಮೇಜಿಗೆ ಕಳಿಸುವುದು. ನೋಟಿನ ಕೊನೆಗೆ ‘ಪುಟ್ ಅಪ್ ಫಾರ್ ಆರ್ಡರ್ಸ್’ ಅಂತ ಬರೆದು ಇನಿಷಿಯಲ್ ಹಾಕಬೇಕು. ಅಷ್ಟು ಬರೆದರೆ ನಮ್ಮ ತಲೆಯ ಮೇಲಿನ ಹೊರೆ ಅವರ ತಲೆಗೆ ಹೋಯಿತು.

ಕೇರಳದ ಆಡಳಿತ ಭಾಷಾ ಕಾಯ್ದೆ 1969ರದ್ದು. ನಮ್ಮಂಥ ಅಲ್ಪಸಂಖ್ಯಾತ ಭಾಷೆಯವರು ಕನ್ನಡದಲ್ಲೇ ಸರ್ಕಾರಕ್ಕೆ ಅರ್ಜಿ ಬರೆಯಬಹುದು. ಹಾಗಾಗಿ ನನ್ನ ಮೇಜಿಗೆ ಬರುತ್ತಿದ್ದದ್ದು ಕನ್ನಡದ ಅರ್ಜಿ, ಅದಕ್ಕೆ ನಾನು ಬರೆಯುತ್ತಿದ್ದದ್ದು ಮಲಯಾಳದ ನೋಟ್, ಕೊನೆಗೆ ಇಂಗ್ಲಿಷಿನ ‘ಪುಟ್ ಅಪ್’. ಮೂರು ಭಾಷೆ ಒಂದು ದಾರದಲ್ಲಿ. ಅರ್ಜಿ ಕೊಟ್ಟ ಅಜ್ಜ ಕಿಟಕಿಯ ಹತ್ತಿರ ಬಂದು ‘ಎಂತಾಯ್ತು ಮಗಾ’ ಅಂದರೆ, ‘ಪುಟಪ್ ಮಾಡಿದ್ದೇನೆ ಅಜ್ಜ’ ಅನ್ನುವುದು. ಅವರಿಗೂ ಸಮಾಧಾನ.

ತುಂಗೆಯ ತಟ

ನಾನು ಶಿವಮೊಗ್ಗದವನು. ನಿಮ್ಮ ಗಡಿ ದಾಟಿದರೂ ಅದೇ ಕತೆ. ಇಲ್ಲಿ ಕಾಗದದ ಮೇಲೆ ‘ಆದೇಶಕ್ಕಾಗಿ ಮಂಡಿಸಿದೆ’ ಅಂತ ಚೆಂದದ ಕನ್ನಡ ಇದೆ. ಬಾಯಲ್ಲಿ ಮಾತ್ರ ‘ಫೈಲ್ ಪುಟಪ್ ಆಯ್ತಾ?’ ಇನ್ನು ಬೆಂಗಳೂರಿನಲ್ಲಿ ಹೊಸಬರು ಸಿಕ್ಕರೆ ‘ವೇರ್ ಆರ್ ಯೂ ಪುಟ್ ಅಪ್?’ ಅಂತ ಕೇಳುತ್ತಾರೆ. ಎಲ್ಲಿ ಉಳಿದುಕೊಂಡಿದ್ದೀರಿ ಅಂತ. ಇದು ಸರಿಯಾದ ಇಂಗ್ಲಿಷೇ ಅಲ್ವಾ?

ಚಂದ್ರಗಿರಿ ದಾಟಿದವಳು

ಇದಕ್ಕೆ ಉತ್ತರ ಕೊಡುವ ಹಕ್ಕು ನನಗುಂಟು, ಮಾನ ಹೋದದ್ದು ನನ್ನದು.

ನಾನು ಚೆರ್ಕಳದವಳು. ಇಂಗ್ಲೆಂಡಿನಲ್ಲಿ ನರ್ಸ್ ಕೆಲಸಕ್ಕೆ ಬಂದು ಆರು ವರ್ಷ. ಬಂದ ಹೊಸತರಲ್ಲಿ ವಾರ್ಡಿನಲ್ಲಿ ಹೊಸ ಹುಡುಗಿಯೊಬ್ಬಳನ್ನು ಪ್ರೀತಿಯಿಂದ ಕೇಳಿದೆ, ‘ವೇರ್ ಆರ್ ಯೂ ಪುಟ್ ಅಪ್?’ ಅವಳು ನನ್ನ ಮುಖವನ್ನೇ ನೋಡಿದಳು. ತನ್ನನ್ನು ಯಾರು ಎಲ್ಲಿಗೆ ಎತ್ತಿ ಇಟ್ಟಿದ್ದಾರೆ ಅಂತ ಅವಳಿಗೆ ತಿಳಿಯಲಿಲ್ಲ. ಇಲ್ಲಿ ‘ವೇರ್ ಆರ್ ಯೂ ಸ್ಟೇಯಿಂಗ್?’ ಅಂತಲೇ ಕೇಳುತ್ತಾರೆ, ಸ್ವಂತ ಮನೆ ಆದರೆ ‘ವೇರ್ ಡು ಯೂ ಲಿವ್?’ ನಮ್ಮ ಪ್ರಶ್ನೆ ತಪ್ಪಲ್ಲ, ಹಳೆಯದು. ‘ಟು ಪುಟ್ ಅಪ್ ಅಟ್ ಎ ಹೋಟೆಲ್’ ಅಂತ ಇಲ್ಲಿಯ ಹಿಂದಿನ ಕಾಲದ ಕಾದಂಬರಿಗಳಲ್ಲಿ ಸಿಗುತ್ತದೆ. ಕುದುರೆ ಗಾಡಿಯಲ್ಲಿ ಬಂದವರು ಛತ್ರದಲ್ಲಿ ಇಳಿಯುವ ಕಾಲದ್ದು. ಕುದುರೆ ಹೋಯಿತು, ಮಾತು ನಮ್ಮ ಕಡೆ ಉಳಿಯಿತು.

ಇಲ್ಲಿ ದಿನಾ ಕೇಳುವ ‘ಪುಟ್ ಅಪ್’ ಬೇರೆ. ಮನೆ ಓನರ್ ಪ್ರತಿ ವರ್ಷ ‘ಪುಟ್ಸ್ ಅಪ್ ದ ರೆಂಟ್’. ಬಾಡಿಗೆ ಏರಿಸುವುದು. ಅಮೆರಿಕದವರು ಇದಕ್ಕೆ ಹೆಚ್ಚಾಗಿ ‘ರೈಸ್’ ಅನ್ನುತ್ತಾರೆ. ನನ್ನ ಕೆಲಸದಲ್ಲಿ ಇನ್ನೊಂದುಂಟು, ಯಾವ ರ‍್ಯಾಂಕ್ ಫೈಲಿನಲ್ಲೂ ಸಿಗಲಿಕ್ಕಿಲ್ಲ. ‘ಪುಟ್ ಅಪ್ ಎ ಡ್ರಿಪ್.’ ಮೊದಲ ರಾತ್ರಿ ಪಾಳಿಯಲ್ಲಿ ಸಿಸ್ಟರ್ ಬಂದು ‘ಕ್ಯಾನ್ ಯೂ ಪುಟ್ ಅಪ್ ಎ ಬ್ಯಾಗ್ ಇನ್ ಬೆಡ್ ಫೋರ್?’ ಅಂದಳು. ಪೇಷಂಟಿನ ಬಟ್ಟೆಯ ಬ್ಯಾಗು ಕೆಳಗೆ ನೆಲದ ಮೇಲಿತ್ತು. ಅದನ್ನು ಎತ್ತಿ ಕಪಾಟಿನ ಮೇಲಿಟ್ಟು ಬಂದೆ. ಹತ್ತು ನಿಮಿಷ ಬಿಟ್ಟು ಅವಳು ಬಂದು ನೋಡಿದರೆ ಸಲೈನ್ ಹಾಗೇ ಟ್ರೇಯಲ್ಲಿ ಮಲಗಿತ್ತು. ಪುಣ್ಯಕ್ಕೆ ಅವಸರದ ಕೇಸ್ ಆಗಿರಲಿಲ್ಲ. ಅವತ್ತಿನಿಂದ ಅರ್ಥ ಆಗದಿದ್ದರೆ ಕೇಳಿಬಿಡುತ್ತೇನೆ, ನಾಚಿಕೆ ಇಲ್ಲ.

ಅಡಿಕೆ ಚೊಗರು

ಅಕ್ಕಾ, ನಮ್ಮಲ್ಲಿ ‘ಗ್ಲೂಕೋಸ್ ಹಾಕಿದರು’ ಅನ್ನುತ್ತೇವಲ್ಲ. ನಾನು ಆಗಲಿಂದ ಒಂದು ವಿಷಯ ಗಮನಿಸುತ್ತಾ ಇದ್ದೇನೆ. ನಾನು ಹತ್ತನೇ ಪಾಸಾದವನು, ತಪ್ಪಿದ್ದರೆ ಟೀಚರು ಕಿವಿ ಹಿಂಡಬಹುದು.

ನಮ್ಮ ‘ಹಾಕು’ ಉಂಟಲ್ಲ, ಅದೂ ಈ ‘ಪುಟ್ ಅಪ್’ನ ಜತೆಗೇ ನಡೆಯುತ್ತದೆ. ನೋಡಿ. ನೋಟಿಸ್ ಹಾಕು. ಬೋರ್ಡು ಹಾಕು. ಮದುವೆಗೆ ಚಪ್ಪರ ಹಾಕು. ತೋಟಕ್ಕೆ ಬೇಲಿ ಹಾಕು. ಅಂಗಡಿಗೆ ನಾನೂ ದುಡ್ಡು ಹಾಕಿದ್ದೇನೆ. ಜಾಗ ಹರಾಜಿಗೆ ಹಾಕಿದರು. ಪಂಚಾಯತ್ ಎಲೆಕ್ಷನ್‌ಗೆ ಈ ವಾರ್ಡಿಗೆ ಯಾರನ್ನು ಹಾಕಿದ್ದಾರೆ? ಭಾವ ನಮ್ಮ ಮನೆಯಲ್ಲೇ ಮೊಕ್ಕಾಂ ಹಾಕಿದ್ದಾನೆ. ಇದೆಲ್ಲ ಇಂಗ್ಲಿಷಿನಲ್ಲಿ ‘ಪುಟ್ ಅಪ್’ ಆಗುತ್ತದಾ ಇಲ್ವಾ ಟೀಚರೇ?

ನೀರ್ಚಾಲು ಟೀಚರ್

ಆಗುತ್ತದೆ! ನೋಟಿಸ್, ಚಪ್ಪರ, ಬೇಲಿ, ದುಡ್ಡು, ಹರಾಜು, ಕ್ಯಾಂಡಿಡೇಟ್, ಎಲ್ಲದಕ್ಕೂ ಆಗುತ್ತದೆ. ಮೊಕ್ಕಾಂ ಹಾಕಿದ ಭಾವನಿಗೂ ಆಗುತ್ತದೆ. ಈಗ ನೀವು ಅವನನ್ನು ‘ಪುಟಿಂಗ್ ಅಪ್’. ಹದಿನೈದು ದಿನ ಕಳೆದರೆ ‘ಪುಟಿಂಗ್ ಅಪ್ ವಿತ್’.

ನಿಮಗೆ ಇನ್ನೊಂದು ಕೊಡುತ್ತೇನೆ, ಬೇಡ ಅನ್ನಬೇಡಿ. ಉಪ್ಪಿನಕಾಯಿ ಹಾಕುವುದು. ಅಮೆರಿಕದ ಹಳ್ಳಿಮನೆಗಳಲ್ಲಿ ಸುಗ್ಗಿ ಸಮಯದಲ್ಲಿ ಹಣ್ಣು ತರಕಾರಿಯನ್ನು ಉಪ್ಪಿಗೋ ಸಕ್ಕರೆಗೋ ಹಾಕಿ ಗಾಜಿನ ಜಾಡಿಯಲ್ಲಿ ಮುಚ್ಚಿಡುತ್ತಾರೆ. ಅದಕ್ಕೂ ‘ಪುಟ್ ಅಪ್’ ಎಂದೇ ಹೇಳುತ್ತಾರೆ. ‘ಶಿ ಪುಟ್ ಅಪ್ ಟ್ವೆಂಟಿ ಜಾರ್ಸ್ ಆಫ್ ಪಿಕಲ್ಸ್.’ ನಮ್ಮಮ್ಮ ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಚಿರುಟಿಸಿ, ಭರಣಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಅಟ್ಟಕ್ಕೆ ಏರಿಸುತ್ತಿದ್ದರಲ್ಲ, ಅಲ್ಲಿ ‘ಹಾಕು’ ಕೂಡ ಇತ್ತು, ‘ಅಪ್’ ಕೂಡ ಇತ್ತು. ಹಲಸಿನ ಸೊಳೆ ಉಪ್ಪಿಗೆ ಹಾಕಿಡುವುದೂ ಹಾಗೆಯೇ.

ನಮ್ಮ ಜಿಲ್ಲೆಯ ಭಾಷೆಗಳನ್ನೇ ನೋಡಿ. ತುಳುವಿನಲ್ಲಿ ದೊಂಪಕ್ಕೂ ‘ಪಾಡ್’, ಉಪ್ಪಡಿಗೂ ‘ಪಾಡ್’. ಮಲಯಾಳದಲ್ಲಿ ಪಂದಲಿಗೂ ‘ಇಡುಕ’, ಅಚ್ಚಾರಿಗೂ ‘ಇಡುಕ’. ಚಪ್ಪರ ಮತ್ತು ಉಪ್ಪಿನಕಾಯಿ ಒಂದೇ ಶಬ್ದದಡಿ ಯಾಕೆ ಬಂದವೋ, ನಾವು ಯಾರೂ ಯಾವತ್ತೂ ಕೇಳಿಲ್ಲ. ಇಂಗ್ಲಿಷಿನವರು ಮಾಡಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತೇವೆ.

ಆದರೆ ಎಲ್ಲ ಕಡೆ ‘ಹಾಕು’ ಕೈ ಹಿಡಿಯುವುದಿಲ್ಲ. ‘ಪುಟ್ ಅಪ್ ಯುವರ್ ಹ್ಯಾಂಡ್’ ಅಂದರೆ ಕೈ ಎತ್ತು. ‘ಪುಟ್ ಅಪ್ ದ ಅಂಬ್ರೆಲಾ’ ಅಂದರೆ ಕೊಡೆ ಬಿಡಿಸು. ‘ಪುಟ್ ಅಪ್ ದ ಪ್ರೈಸ್’ ಅಂದರೆ ರೇಟು ಏರಿಸು. ಅಲ್ಲಿ ‘ಅಪ್’ ನಿಜವಾಗಿಯೂ ಮೇಲಕ್ಕೆ ಹೋಗುತ್ತದೆ.

ರ‍್ಯಾಂಕ್ ಫೈಲ್ ಹುಳು

‘ಪುಟ್ ಅಪ್ ವಿತ್’ಗೂ ‘ಹಾಕು’ ಆಗುವುದಿಲ್ಲ ಅಲ್ವಾ? ಪರೀಕ್ಷೆಗೆ ಬರುವುದು ಅದೊಂದೇ. ಅಲ್ಲಿಗೇ ಕೈ ಕೊಟ್ಟಿತು.

ನೀರ್ಚಾಲು ಟೀಚರ್

ಹೌದು, ಅಲ್ಲಿ ದಾರಿ ಬೇರೆ. ‘ಸಹಿಸು’, ‘ತಡೆದುಕೋ’, ‘ತಾಳಿಕೋ’ ಅನ್ನಬೇಕು.

ಬೇಕಲದ ಅಲೆ

ಟೀಚರೇ, ಒಂದು ಡೌಟು. ಗೆಸ್ಟುಗಳಿಗೆ ಕೋಟೆ ತೋರಿಸುವಾಗ ಬೇಕು. ‘ಪುಟ್ ಅಪ್’ ಅಂದರೆ ಕಟ್ಟುವುದು ಅಂತಲೂ ಇದ್ದರೆ, ‘ಶಿವಪ್ಪ ನಾಯಕ ಪುಟ್ ಅಪ್ ಬೇಕಲ್ ಫೋರ್ಟ್’ ಅನ್ನಬಹುದಾ? ಇಷ್ಟು ದಿನ ‘ಬಿಲ್ಟ್’ ಅಂತಿದ್ದೆ. ಹೊಸ ಶಬ್ದ ಸಿಕ್ಕಿದೆ, ಬಳಸುವ ಆಸೆ.

ನೀರ್ಚಾಲು ಟೀಚರ್

ನಿನ್ನ ಆಸೆಗೆ ತಣ್ಣೀರು. ‘ಬಿಲ್ಟ್’ ಎಂದೇ ಹೇಳು.

‘ಪುಟ್ ಅಪ್’ನಲ್ಲಿ ಬೇಗ ಎಬ್ಬಿಸಿ ನಿಲ್ಲಿಸಿದ ಭಾವ ಉಂಟು. ಡೇರೆ, ಶೆಡ್ಡು, ಗೋಡೆ, ಬೇಲಿ. ಊರಿನಲ್ಲಿ ರಾತ್ರಿ ಬೆಳಗಾಗುವುದರೊಳಗೆ ಏಳುವ ಫ್ಲಾಟುಗಳಿಗೂ ಹೇಳುತ್ತಾರೆ. ಕೆಳದಿಯವರು ಹದಿನೇಳನೇ ಶತಮಾನದಲ್ಲಿ ಸಮುದ್ರದ ಬಾಯಿಗೆ ಕಟ್ಟಿದ ಕೋಟೆಗೆ ಅದು ಹಗುರ ಆಗುತ್ತದೆ. ಕನ್ನಡದಲ್ಲೂ ಹಾಗೇ ಅಲ್ವಾ? ಶೆಡ್ ಹಾಕಿದರು, ಚಪ್ಪರ ಹಾಕಿದರು ಅನ್ನುತ್ತೇವೆ. ‘ಶಿವಪ್ಪ ನಾಯಕ ಕೋಟೆ ಹಾಕಿದ’ ಅಂದರೆ ನಿನ್ನ ಕಿವಿಗೇ ಆಗುವುದಿಲ್ಲ. ಕೋಟೆ ಕಟ್ಟಬೇಕು.

ಅಡಿಕೆ ಚೊಗರು

ನೋಡಿ, ಅಲ್ಲಿಯೂ ನನ್ನ ‘ಹಾಕು’ ಗೆದ್ದಿತು. ‘ಪುಟ್ ಅಪ್’ ಹೋಗದ ಕಡೆ ತಾನೂ ಹೋಗಲಿಲ್ಲ.

ಮಧೂರು ಅಪ್ಪ

ತಡವಾಗಿ ಬಂದೆ, ಕ್ಷಮಿಸಿ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವನು. ಹೆಸರು ನೋಡಿ ಯಾರೂ ತಂದೆ ಅಂದುಕೊಳ್ಳಬೇಡಿ, ದೇವಸ್ಥಾನದ ಪ್ರಸಾದದ ಅಪ್ಪ.

ಚೊಗರು ಅಣ್ಣ ಸೋತಿಲ್ಲ. ‘ಪುಟ್ ಅಪ್ ವಿತ್’ನಲ್ಲೂ ‘ಹಾಕು’ ಉಂಟು. ಟೀಚರು ಮೇಲೆ ದಾರಿ ಬೇರೆ ಅಂದರಲ್ಲ, ಅದಕ್ಕೆ ನನ್ನ ತಕರಾರು.

ಹಳೆಯ ಇಂಗ್ಲಿಷಿನಲ್ಲಿ ‘ಪುಟ್ ಅಪ್’ಗೆ ಎತ್ತಿ ಒಳಗಿಡು ಎಂಬ ಅರ್ಥ ಜೋರಾಗಿತ್ತು. ಚೀಲಕ್ಕೆ ಹಾಕು, ಕಿಸೆಗೆ ಹಾಕು, ಕತ್ತಿಯನ್ನು ಒರೆಗೆ ಹಾಕು. 1611ರ ಇಂಗ್ಲಿಷ್ ಬೈಬಲಿನಲ್ಲಿ ಯೇಸು ಪೇತ್ರನಿಗೆ ಕತ್ತಿಯನ್ನು ಒರೆಗೆ ಹಾಕು ಎನ್ನುವಾಗ ‘ಪುಟ್ ಅಪ್’ ಎಂದೇ ಇದೆ. ಶೇಕ್ಸ್‌ಪಿಯರನ ‘ರೋಮಿಯೋ ಅಂಡ್ ಜೂಲಿಯಟ್’ನಲ್ಲಿ ಬೆನ್ವೋಲಿಯೋ ಕೂಡ ಹೊಡೆದಾಟಕ್ಕೆ ನಿಂತವರಿಗೆ ಕತ್ತಿ ‘ಪುಟ್ ಅಪ್’ ಮಾಡಿ ಅನ್ನುತ್ತಾನೆ. ಶೇಕ್ಸ್‌ಪಿಯರನದೇ ‘ಒಥೆಲೊ’ ನಾಟಕದಲ್ಲಿ ಮೋಸ ಹೋದ ರೋಡರಿಗೋ ಎಂಬವನು, ಇಷ್ಟು ದಿನ ಅನುಭವಿಸಿದ್ದನ್ನು ಸುಮ್ನೆ ‘ಪುಟ್ ಅಪ್’ ಮಾಡಲಾರೆ ಅನ್ನುತ್ತಾನೆ. ಅಲ್ಲಿ ‘ವಿತ್’ ಇಲ್ಲವೇ ಇಲ್ಲ. ಅವಮಾನವನ್ನು ಎತ್ತಿ ಕಿಸೆಯೊಳಗೆ ಹಾಕಿಕೊಂಡು ಸುಮ್ಮನಿರುವುದು, ಅದು ಆ ಮಾತಿನ ಚಿತ್ರ. ‘ವಿತ್’ ಆಮೇಲೆ ಬಂದು ಅಂಟಿಕೊಂಡಿತು.

ಈಗ ಕನ್ನಡಕ್ಕೆ ಬನ್ನಿ. ದೊಡ್ಡವರ ಎದುರು ತಪ್ಪು ಮಾಡಿದಾಗ ಎಂತ ಹೇಳುತ್ತೇವೆ? ‘ತಪ್ಪಾಯಿತು, ಹೊಟ್ಟೆಗೆ ಹಾಕಿಕೊಳ್ಳಿ.’ ಅವರು ಕಿಸೆಗೆ ಹಾಕಿದರು, ನಾವು ಹೊಟ್ಟೆಗೆ ಹಾಕಿದೆವು. ಶಬ್ದ ಅದೇ.

ಅಡಿಕೆ ಚೊಗರು

ಎಲ್ಲರೂ ಕೇಳಿಸಿಕೊಂಡಿರಾ? ಹತ್ತನೇ ಪಾಸಾದವನು ಗೆದ್ದ.

ನೀರ್ಚಾಲು ಟೀಚರ್

ಗೆದ್ದಿರಿ. ‘ಹೊಟ್ಟೆಗೆ ಹಾಕಿಕೋ’ ನನಗೆ ಹೊಳೆಯಲೇ ಇಲ್ಲ. ಇಷ್ಟು ವರ್ಷ ಕಪ್ಪು ಹಲಗೆಯ ಮೇಲೆ ‘ಸಹಿಸು’ ಅಂತ ಬರೆದು ಒರೆಸಿದೆ. ಒಂದು ಬ್ಯಾಚಿಗಾದರೂ ಇದನ್ನು ಹೇಳಿಕೊಡಬಹುದಿತ್ತು.

ಒಂದು ಸಣ್ಣ ತಿದ್ದುಪಡಿ ಮಾತ್ರ. ‘ಹೊಟ್ಟೆಗೆ ಹಾಕಿಕೋ’ದಲ್ಲಿ ಕ್ಷಮೆ ಜಾಸ್ತಿ. ‘ಪುಟ್ ಅಪ್ ವಿತ್’ನಲ್ಲಿ ಕ್ಷಮೆ ಇಲ್ಲ, ಗೊಣಗು ಉಂಟು. ಮನಸ್ಸಿಲ್ಲದೆ ಸಹಿಸುವುದು. ಹಾಗಾಗಿಯೇ ‘ಹ್ಯಾಪಿ ಟು ಪುಟ್ ಅಪ್ ವಿತ್’ ಎಂದದ್ದಕ್ಕೆ ಆ ದಂಪತಿಗೆ ನಗು ಬಂದದ್ದು. ಖುಷಿಯಿಂದ ಗೊಣಗುತ್ತೇವೆ ಎಂದ ಹಾಗಾಯಿತು.

ತುಂಗೆಯ ತಟ

ಅಪ್ಪ ಅವರೇ, ಇದಕ್ಕೆ ಚರ್ಚಿಲ್ ಹೇಳಿದ ಜೋಕ್ ಒಂದಿದೆಯಂತಲ್ಲ?

ಮಧೂರು ಅಪ್ಪ

ಚರ್ಚಿಲ್ ಹೆಸರಿಗೆ ಕಟ್ಟಿದ ಜೋಕ್. ಅವನೇ ಹೇಳಿದ್ದಕ್ಕೆ ಗಟ್ಟಿ ಸಾಕ್ಷಿ ಇಲ್ಲ. ವಾಕ್ಯದ ಕೊನೆಗೆ ಪ್ರಿಪೊಸಿಷನ್, ಅಂದರೆ ‘ವಿತ್’, ‘ಟು’ ಥರದ ಸಣ್ಣ ಶಬ್ದ, ಬರಬಾರದು ಅಂತ ಹಿಂದಿನ ಮೇಷ್ಟ್ರುಗಳು ಬೆತ್ತ ಹಿಡಿದು ಕಲಿಸುತ್ತಿದ್ದರು. ಕವಿ ಡ್ರೈಡನ್ 1672ರಲ್ಲೇ ಈ ತಕರಾರು ಎತ್ತಿದ್ದ. ಆ ನಿಯಮವನ್ನು ಗೇಲಿ ಮಾಡಲು ಯಾರೋ ‘ಅಪ್ ವಿತ್ ವಿಚ್ ಐ ವಿಲ್ ನಾಟ್ ಪುಟ್’ ಅಂದರು. ಮೂರು ಶಬ್ದವನ್ನು ಬಿಡಿಸಿ ಹಿಂದು ಮುಂದು ಮಾಡಿದರೆ ಎಷ್ಟು ಕೆಟ್ಟದಾಗುತ್ತದೆ ಅಂತ ತೋರಿಸಲು.

ರ‍್ಯಾಂಕ್ ಫೈಲ್ ತಮ್ಮನಿಗೆ ಒಂದು ಸಮಾಧಾನ. ಸಾಮ್ಯುಯೆಲ್ ಜಾನ್ಸನ್ 1755ರಲ್ಲಿ ಇಂಗ್ಲಿಷ್ ನಿಘಂಟು ಹೊರತಂದನಲ್ಲ, ಅದರ ಮುನ್ನುಡಿಯಲ್ಲೇ ಒಪ್ಪಿಕೊಂಡಿದ್ದಾನೆ. ಕ್ರಿಯಾಪದದ ಹಿಂದೆ ಸಣ್ಣ ಶಬ್ದ ಸೇರಿಸಿ ಅರ್ಥ ಬದಲಿಸುವ ಈ ಚಾಳಿ ಹೊರಗಿನವರಿಗೆ ಎಲ್ಲಕ್ಕಿಂತ ಕಷ್ಟ ಕೊಡುತ್ತದೆ ಅಂತ. ಆಗ ಇದಕ್ಕೆ ‘ಫ್ರೇಸಲ್ ವರ್ಬ್’ ಅನ್ನುವ ಹೆಸರೂ ಇರಲಿಲ್ಲ. ಆ ಹೆಸರನ್ನು ಲೋಗನ್ ಪಿಯರ್ಸಾಲ್ ಸ್ಮಿತ್ ಎಂಬವನು 1925ರಲ್ಲಿ ತನ್ನ ಪುಸ್ತಕದಲ್ಲಿ ಬಳಸಿದ. ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಹೆನ್ರಿ ಬ್ರಾಡ್ಲಿ ಅವನಿಗೆ ಸೂಚಿಸಿದ ಹೆಸರು ಅದು. ಹೆಸರಿಟ್ಟದ್ದು ಅಷ್ಟು ತಡ, ಕಾಟ ಕೊಟ್ಟದ್ದು ಮೊದಲಿಂದಲೂ.

ರ‍್ಯಾಂಕ್ ಫೈಲ್ ಹುಳು

ಪಿಎಸ್‌ಸಿಯವರಿಗೆ ಇದನ್ನು ಹೇಳಿದರೆ ಗ್ರೇಸ್ ಮಾರ್ಕ್ ಸಿಗುತ್ತದಾ ಸರ್?

ನಿವೃತ್ತ ಗುಮಾಸ್ತ

ಅರ್ಜಿ ಬರೆ. ಪುಟಪ್ ಮಾಡುತ್ತಾರೆ.

ಚಂದ್ರಗಿರಿ ದಾಟಿದವಳು

ಹೊರಗಿನವರಿಗೆ ಕಷ್ಟ ಅಂದದ್ದಕ್ಕೆ ನೆನಪಾಯಿತು. ನನ್ನ ರೂಂಮೇಟ್ ಕೋಟಯಂನವಳು. ನಾನು ಅಮ್ಮನ ಜತೆ ಫೋನಿನಲ್ಲಿ ಮಾತಾಡುವುದು ಕೇಳಿ ಕೇಳಿ ಕನ್ನಡ ಕಲಿಯುತ್ತಾ ಇದ್ದಾಳೆ. ಒಂದು ದಿನ ಕೇಳಿದಳು, ‘ಬಿಡು ಅಂದರೆ ಬಿಡುವುದು ಅಲ್ವಾ? ಮತ್ತೆ ನಿನ್ನ ಅಮ್ಮ ಬಂದುಬಿಡು ಅಂದದ್ದು ಯಾಕೆ? ಬರಬೇಕಾ, ಬಿಡಬೇಕಾ?’ ನನಗೆ ಉತ್ತರ ಗೊತ್ತಿರಲಿಲ್ಲ. ಹೇಳಿಬಿಡು, ತಿಂದುಬಿಡು, ಮಲಗಿಬಿಡು, ಕೊನೆಗೆ ಬಿಟ್ಟುಬಿಡು. ಅವಳಿಗೆ ಹುಚ್ಚು ಹಿಡಿಯುವುದೊಂದು ಬಾಕಿ.

ನೀರ್ಚಾಲು ಟೀಚರ್

ಇಂಗ್ಲಿಷಿನ ‘ಈಟ್ ಅಪ್’, ‘ಡ್ರಿಂಕ್ ಅಪ್’, ‘ಯೂಸ್ ಅಪ್’ನ ‘ಅಪ್’ ಮಾಡುವುದು ಇದನ್ನೇ. ಮೇಲಕ್ಕೆ ಏನೂ ಹೋಗುವುದಿಲ್ಲ, ಕೆಲಸ ಪೂರ್ತಿ ಆಗುತ್ತದೆ. ತಿಂದುಬಿಡು, ಕುಡಿದುಬಿಡು, ಮುಗಿಸಿಬಿಡು. ತಮ್ಮಾ, ನೀನು ಮೊದಲು ಕೇಳಿದೆಯಲ್ಲ, ಪಟ್ಟಿಯಲ್ಲಿ ಇಲ್ಲದ್ದನ್ನು ಹೇಗೆ ಕಲಿಯುವುದು ಅಂತ. ಒಂದು ‘ಅಪ್’ ಸಿಕ್ಕಿದಾಗ ನಮ್ಮಲ್ಲಿ ಅಲ್ಲಿ ಎಂತ ಹೇಳುತ್ತೇವೆ ಅಂತ ನೋಡು. ಬಿಡು ಇರಬಹುದು, ಹಾಕು ಇರಬಹುದು, ಎತ್ತು ಇರಬಹುದು. ಅರ್ಥದ ಬದಲು ಇಡೀ ವಾಕ್ಯ ಬರೆದುಕೋ, ನಿನ್ನ ಮನೆಯ ವಾಕ್ಯ. ‘ಭಾವ ಮೊಕ್ಕಾಂ ಹಾಕಿದ್ದಾನೆ’ ಅಂತ ಬರೆದುಕೊಂಡವನು ಮರೆಯುವುದಿಲ್ಲ. ‘ಅಕಾಮಡೇಟ್’ ಅಂತ ಬರೆದುಕೊಂಡವನು ಪರೀಕ್ಷೆಯ ಮರುದಿನ ಮರೆಯುತ್ತಾನೆ.

ಮಧೂರು ಅಪ್ಪ

‘ಎತ್ತು’ ಅಂದಿರಲ್ಲ, ಒಂದು ಚೆಂದದ್ದು ಉಳಿದಿದೆ. ‘ಹೂ ಪುಟ್ ಯೂ ಅಪ್ ಟು ದಿಸ್?’ ಮಕ್ಕಳು ಕಿತಾಪತಿ ಮಾಡಿದಾಗ ಕೇಳುವ ಪ್ರಶ್ನೆ. ನಿನ್ನನ್ನು ಇದಕ್ಕೆ ಎತ್ತಿಕಟ್ಟಿದವರು ಯಾರು? ಇಲ್ಲಿ ‘ಎತ್ತಿಕಟ್ಟು’ ಸರಿಯಾಗಿ ಕೂರುತ್ತದೆ, ಒಳಗಿನ ‘ಅಪ್’ ಸಮೇತ.

ಇನ್ನೊಂದು ‘ಪುಟ್ ಅಪ್ ಎ ಫೈಟ್’. ಇದನ್ನು ಹೆಚ್ಚಾಗಿ ಸೋತವರಿಗೆ ಹೇಳುತ್ತಾರೆ. ಗೆದ್ದವನಿಗೆ ಯಾರೂ ‘ಹಿ ಪುಟ್ ಅಪ್ ಎ ಗುಡ್ ಫೈಟ್’ ಅಂತ ಬೆನ್ನು ತಟ್ಟುವುದಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರಿಗೆ ಹೇಗೆ ಹೇಳಲಿ, ಚಕ್ರವ್ಯೂಹದ ಅಭಿಮನ್ಯುವನ್ನು ನೆನೆಸಿಕೊಳ್ಳಿ. ಎಲ್ಲರಿಗೂ ಕೊನೆ ಗೊತ್ತು, ಆದರೂ ಬೆಳಗಿನ ಜಾವದವರೆಗೆ ಅವನು ಕುಣಿಯುವುದನ್ನು ಕಣ್ಣು ಮುಚ್ಚದೆ ನೋಡುತ್ತೇವಲ್ಲ, ಅದು ‘ಪುಟ್ ಅಪ್ ಎ ಫೈಟ್’.

‘ಪುಟ್-ಅಪ್ ಜಾಬ್’ ಅಂದರೆ ಮೊದಲೇ ಗೊತ್ತು ಮಾಡಿಕೊಂಡು ಆಡುವ ನಾಟಕ. ‘ಪುಟ್ ಅಪ್ ಆರ್ ಶಟ್ ಅಪ್’ ಅಂದರೆ ಮಾಡಿ ತೋರಿಸು, ಇಲ್ಲ ಬಾಯಿ ಮುಚ್ಚು. ಇದನ್ನು ಗೆಸ್ಟುಗಳ ಹತ್ತಿರ ಬಳಸಬೇಡ ಅಲೆ.

ಬೇಕಲದ ಅಲೆ

ಇಲ್ಲ ಸರ್, ದೇವರಾಣೆ ಇಲ್ಲ.

ಎರಡು ದಿನ ಬಿಟ್ಟು ಬರೆಯುತ್ತಾ ಇದ್ದೇನೆ. ಟೀಚರು ಹೇಳಿದ ಹಾಗೆ ತಿದ್ದಿ ಕಳಿಸಿದೆ. ‘ಸಾರಿ ಫಾರ್ ಮೈ ಇಂಗ್ಲಿಷ್. ಐ ಮೆಂಟ್, ವಿ ಆರ್ ಆಲ್ವೇಸ್ ಹ್ಯಾಪಿ ಟು ಪುಟ್ ಯೂ ಅಪ್.’ ಕಳಿಸುವ ಮೊದಲು ‘ಯೂ’ ನಡುವೆ ಉಂಟಾ ಅಂತ ನಾಲ್ಕು ಸಲ ನೋಡಿದೆ. ಎಲ್ಲ ರೂಮುಗಳಲ್ಲಿ ಸೊಳ್ಳೆ ಪರದೆಗೆ ಕೊಕ್ಕೆಯನ್ನೂ ಹೊಡೆಸಿದೆ. ಬಚ್ಚಲ ನೋಟಿಸ್ ಹಾಗೇ ಉಂಟು.

ಇವತ್ತು ಬೆಳಿಗ್ಗೆ ಅವರ ಉತ್ತರ ಬಂತು. ಮುಂದಿನ ಡಿಸೆಂಬರಿಗೆ ಮತ್ತೆ ಬರುತ್ತಾರಂತೆ, ಮೊಮ್ಮಕ್ಕಳು ಮೂವರನ್ನು ಕರೆದುಕೊಂಡು. ಕೊನೆಗೆ ಒಂದು ಸಾಲು: ‘ಬಟ್ ವಿಲ್ ಯೂ ಪುಟ್ ಅಪ್ ವಿತ್ ಅಸ್?’ ಇದು ಜೋಕ್ ಅಂತ ಈ ಸಲ ನನಗೇ ಅರ್ಥ ಆಯಿತು ಟೀಚರೇ! ಯಾರ ಸಹಾಯವೂ ಇಲ್ಲದೆ. ಈಗ ಉತ್ತರ ಎಂತ ಬರೆಯಲಿ?

ಅಡಿಕೆ ಚೊಗರು

ಅದರಲ್ಲಿ ಎಂತ ಉಂಟು, ‘ನಿಮ್ಮನ್ನು ಹೊಟ್ಟೆಗೆ ಹಾಕಿಕೊಳ್ಳುತ್ತೇವೆ’ ಅಂತ ಬರೆ.

ನೀರ್ಚಾಲು ಟೀಚರ್

ಅಲೆ, ಅದನ್ನು ಇಂಗ್ಲಿಷಿಗೆ ಮಾಡಬೇಡ. ಮೊಮ್ಮಕ್ಕಳನ್ನು ಕರೆದುಕೊಂಡು ಬರುವವರು ಆ ಕೂಡಲೇ ಟಿಕೆಟ್ ಕ್ಯಾನ್ಸಲ್ ಮಾಡುತ್ತಾರೆ.